ಟೆಸ್ಟ್ ರಿಪೋರ್ಟ್ ಸರಿಯಿದ್ದರೂ ಬ್ರೇಕರ್ ತಡವಾಗಿ ಟ್ರಿಪ್ ಆಗಿದ್ದೇಕೆ?

ನಿಮ್ಮ ಫ್ಯಾಕ್ಟರಿಯ 11 ಕೆವಿ ವ್ಯಾಕ್ಯೂಮ್ ಬ್ರೇಕರ್‌ಗೆ (ಫಾಲ್ಟ್ ಬಂದಾಗ ಆಫ್ ಆಗಿ, ಅಂದರೆ ಟ್ರಿಪ್ ಆಗಿ, ಕರೆಂಟ್ ಕಡಿಯುವ ಸ್ವಿಚ್) ಪ್ರತಿ ವರ್ಷ ಟೆಸ್ಟ್ ಆಗುತ್ತದೆ, ರಿಪೋರ್ಟ್‌ನಲ್ಲಿ ಎಲ್ಲವೂ ಓಕೆ. ಆದರೂ ಹೋದ ತಿಂಗಳು ಕೇಬಲ್ ಸುಟ್ಟಾಗ ಆ ಕೇಬಲ್‌ನ ಫೀಡರ್ ಬ್ರೇಕರ್ ತಡಮಾಡಿತು, ಇಡೀ ಪ್ಲಾಂಟ್‌ಗೆ ಕರೆಂಟ್ ತರುವ ಮುಖ್ಯ ಬ್ರೇಕರ್ (ಇನ್‌ಕಮರ್) ಟ್ರಿಪ್ ಆಗಿ ಇಡೀ ಪ್ಲಾಂಟ್ ಕತ್ತಲಾಯಿತು. ಟೆಸ್ಟ್ ಮಾಡಿದವರು ಸುಳ್ಳು ಬರೆದರಾ ಅಂತ ಕೇಳಿದ್ದೀರಿ.

ಸುಳ್ಳು ಬರೆದಿರಲಿಕ್ಕಿಲ್ಲ. ಅವರು ಅಳೆದಿದ್ದು ಎಷ್ಟನೇ ಟ್ರಿಪ್ ಅಂತ ಕೇಳಿ ನೋಡಿ.

ನಾನು ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಪದ್ಧತಿ ಹೀಗಿತ್ತು: ಬ್ರೇಕರ್ ಕೂರಿಸಿದ ಟ್ರಾಲಿ ಹೊರಗೆಳೆಯೋದು, ಒರೆಸಿ ಗ್ರೀಸ್ ಹಚ್ಚೋದು, ನಾಲ್ಕೈದು ಸಲ ಢಬ್ ಢಬ್ ಅಂತ ಆನ್-ಆಫ್ ಮಾಡೋದು, ಆಮೇಲೆ ಟೈಮಿಂಗ್ ಕಿಟ್‌ನಲ್ಲಿ ಆಫ್ ಆಗುವ ಸಮಯ ಅಳೆಯೋದು. 45 ಮಿಲಿಸೆಕೆಂಡ್ ಬರುತ್ತಿತ್ತು, ಬರೆದುಕೊಂಡು ಬರುತ್ತಿದ್ದೆವು. ಒಂದು ಸಲ ನಮ್ಮ ಹಿರಿಯರೊಬ್ಬರು ಶಟ್‌ಡೌನ್‌ಗೆ ಮುಂಚೆಯೇ ಟ್ರಿಪ್ ಕಾಯಿಲ್ (ಬ್ರೇಕರ್ ಆಫ್ ಮಾಡಿಸುವ ವಿದ್ಯುತ್ ಸುರುಳಿ) ವೈರಿಗೆ ಕರೆಂಟ್ ಅಳೆಯುವ ಡಿಸಿ ಕ್ಲ್ಯಾಂಪ್ ಹಾಕಿ ರೆಕಾರ್ಡರ್ ಜೋಡಿಸಿದರು. ಶಟ್‌ಡೌನ್‌ಗೆಂದು ಆಫ್ ಕೊಟ್ಟಾಗ ಬ್ರೇಕರ್ ತೆಗೆದುಕೊಂಡಿದ್ದು 310 ಮಿಲಿಸೆಕೆಂಡ್! ಎರಡನೇ ಸಲ 60. ಮೂರನೇ ಸಲ ಅದೇ 45.

ತಿಂಗಳುಗಟ್ಟಲೆ ಆನ್ ಆಗಿಯೇ ನಿಂತ ಬ್ರೇಕರ್‌ನ ಲ್ಯಾಚ್‌ನಲ್ಲಿ (ಅದನ್ನು ಆನ್ ಸ್ಥಿತಿಯಲ್ಲಿ ಹಿಡಿದಿಡುವ ಕೊಂಡಿ) ಗ್ರೀಸ್ ಒಣಗಿ ಅಂಟಾಗಿರುತ್ತದೆ. ಒಂದು ಸಲ ಬಡಿದರೆ ಬಿಟ್ಟುಕೊಳ್ಳುತ್ತದೆ. ಟ್ರಾಲಿ ಹೊರಗೆಳೆಯಬೇಕಾದರೆ ಬ್ರೇಕರ್ ಆಫ್ ಮಾಡಲೇಬೇಕು ಅಲ್ವಾ? ಅಲ್ಲಿಗೆ ಮೊದಲ ಟ್ರಿಪ್ ಮುಗಿದೇ ಹೋಯಿತು. ಫಾಲ್ಟ್ ಬಂದಾಗ ನಿಮಗೆ ಸಿಗುವುದು ಮಾತ್ರ ಆ ಮೊದಲ ಟ್ರಿಪ್ಪೇ. ಫಾಲ್ಟ್ ಗುರುತಿಸಿ ಬ್ರೇಕರ್‌ಗೆ ಟ್ರಿಪ್ ಕೊಡುವುದು ರಿಲೇ. ಫೀಡರ್ ಮತ್ತು ಇನ್‌ಕಮರ್ ರಿಲೇಗಳ ನಡುವೆ ಸಾಮಾನ್ಯವಾಗಿ 250ರಿಂದ 300 ಮಿಲಿಸೆಕೆಂಡ್ ಅಂತರ ಇಟ್ಟಿರುತ್ತಾರೆ. ಅಷ್ಟನ್ನೂ ಬ್ರೇಕರ್ ತಿಂದುಬಿಟ್ಟರೆ ಇನ್‌ಕಮರ್ ಕಾಯುವುದಿಲ್ಲ.

ಕಾಯಿಲ್ ಕರೆಂಟ್‌ನ ಗೆರೆಯನ್ನು ಓದಲು ಕಲಿಯಿರಿ, ಕಷ್ಟವೇನಿಲ್ಲ. ಕರೆಂಟ್ ಏರುತ್ತದೆ, ಕಾಯಿಲ್ ಒಳಗಿನ ಪ್ಲಂಜರ್ (ಲ್ಯಾಚ್ ಬಿಡಿಸುವ ಕಡ್ಡಿ) ಚಲಿಸಿದಾಗ ಒಂದು ಸಣ್ಣ ತಗ್ಗು ಬರುತ್ತದೆ, ಮತ್ತೆ ಏರುತ್ತದೆ. ಬ್ರೇಕರ್ ತೆರೆದು, ಅದರ ಜೊತೆಗೇ ಚಲಿಸುವ ಆಕ್ಸಿಲರಿ ಕಾಂಟ್ಯಾಕ್ಟ್ ಬಿಟ್ಟಾಗ ಸೊನ್ನೆಗೆ ಬೀಳುತ್ತದೆ. ತಗ್ಗೇ ತಡವಾದರೆ ಕಾಯಿಲ್, ಪ್ಲಂಜರ್ ಅಥವಾ ಡಿಸಿ ವೋಲ್ಟೇಜ್ ನೋಡಿ. ತಗ್ಗು ಸಮಯಕ್ಕೆ ಬಂದು ಸೊನ್ನೆ ತಡವಾದರೆ ಲ್ಯಾಚ್, ಮೆಕ್ಯಾನಿಸಂ ಬಿಗಿಯಾಗಿದೆ ಅಂತ.

ಡಿಸಿ ವೋಲ್ಟೇಜ್ ಅಂದೆನಲ್ಲ, ಅದನ್ನೂ ಹೆಚ್ಚಿನವರು ಬಿಡುತ್ತಾರೆ. ಟ್ರಿಪ್ ಕಾಯಿಲ್ 70 ಶೇಕಡ ವೋಲ್ಟೇಜ್‌ನಲ್ಲೂ ಎಳೆಯಬೇಕು, ಅಂದರೆ 110 ವೋಲ್ಟ್ ಕಾಯಿಲ್ 77ಕ್ಕೆ. ಈ ಡಿಸಿ ಕೊಡುವ ಬ್ಯಾಟರಿಯ ಚಾರ್ಜರ್ ಆನ್ ಇಟ್ಟು ಪೂರ್ತಿ ವೋಲ್ಟೇಜ್‌ನಲ್ಲಿ ಟೆಸ್ಟ್ ಮಾಡಿದರೆ ಸೊರಗಿದ ಬ್ಯಾಟರಿಯ ಬಣ್ಣ ಬಯಲಾಗುವುದೇ ಇಲ್ಲ.

ಕಾಂಟ್ಯಾಕ್ಟ್ ರೆಸಿಸ್ಟೆನ್ಸ್ ಅನ್ನು 100 ಆಂಪಿಯರ್ ಡಿಸಿ ಹರಿಸಿ ಮೈಕ್ರೋಓಮ್‌ನಲ್ಲಿ ಅಳೆಯಬೇಕು, ಮಲ್ಟಿಮೀಟರ್ ಇಲ್ಲಿ ಲೆಕ್ಕಕ್ಕಿಲ್ಲ. ಕಾಂಟ್ಯಾಕ್ಟ್‌ಗಳಿರುವ ವ್ಯಾಕ್ಯೂಮ್ ಬಾಟಲ್ ಸರಿಯಿದೆಯಾ ಅಂತ ಬರೀ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹೇಳಲ್ಲ, ತೆರೆದ ಕಾಂಟ್ಯಾಕ್ಟ್‌ಗಳ ನಡುವೆ ಹೈ ವೋಲ್ಟೇಜ್ ಟೆಸ್ಟ್ ಬೇಕು. ಇವೆರಡೂ ಮಾಡಿಸಲೇಬೇಕಾದವು, ಆದರೆ ನಿಮ್ಮ ತೊಂದರೆ ಅಲ್ಲಿಲ್ಲ ಅಂತ ನನ್ನ ಅಂದಾಜು. ಹಾಂ, ಸ್ಪ್ರಿಂಗ್ ಚಾರ್ಜ್ ಆಗಿರುವಾಗ ಒಳಗೆ ಕೈ ಹಾಕಬೇಡಿ, ಬೆರಳು ಹೋಗುತ್ತದೆ.

ನಿಮ್ಮದು ನ್ಯೂಮರಿಕಲ್ (ಡಿಜಿಟಲ್) ರಿಲೇ ಆಗಿದ್ದರೆ ಹೋದ ತಿಂಗಳ ಫಾಲ್ಟ್ ರೆಕಾರ್ಡ್ ಇನ್ನೂ ಅದರೊಳಗೆ ಇರಬಹುದು. ರಿಲೇ ಟ್ರಿಪ್ ಕೊಟ್ಟ ಹೊತ್ತಿಗೂ ಬ್ರೇಕರ್ ಆಫ್ ಅಂತ ಬಂದ ಹೊತ್ತಿಗೂ ಎಷ್ಟು ಅಂತರವಿದೆ ನೋಡಿ. ಹೊಸ ಫಾಲ್ಟ್‌ಗಳು ಬಂದಂತೆ ಹಳೆಯ ರೆಕಾರ್ಡ್ ಅಳಿಸಿಹೋಗುತ್ತದೆ, ನಾಳೆಯೇ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಿ.