ಕಾಫಿ ಕಣದಲ್ಲಿರೋವಾಗ ಮೋಡ ಮಳೆ ಬರತ್ತಾ ಅಂತ ಗಾಳಿ, ಒತ್ತಡ ನೋಡಿ ಮೊದಲೇ ತಿಳ್ಕೊಬಹುದಾ?

ಸಕಲೇಶಪುರ ಕಡೆ ತೋಟ, ಡಿಸೆಂಬರ್ ಜನವರಿಯಲ್ಲಿ ಕಾಫಿ ಕಣದಲ್ಲೇ ಇರತ್ತೆ, ಫೋನಲ್ಲಿ ಗಾಳಿಯ ಒತ್ತಡ ತೋರಿಸೋ ಬ್ಯಾರೋಮೀಟರ್ ಆ್ಯಪ್ ನೋಡಿ ಮೂರ್ನಾಲ್ಕು ದಿನ ಮುಂಚೆ ಮೋಡ ಮಳೆ ಗೊತ್ತಾಗತ್ತಾ ಅಂತ ಕೇಳಿದೀರ. ನಾನೂ ಮೂಡಿಗೆರೆ ಕಡೆಯವನೇ, ಕೊಯ್ಲು ಶುರುವಾದ್ರೆ ದಿನಾ ಬೆಳಿಗ್ಗೆ ಹವಾಮಾನದ ಮ್ಯಾಪ್ ನೋಡದೆ ಕಾಫಿ ಹರಡಲ್ಲ. ಮುಂಚೆನೇ ಗೊತ್ತಾಗತ್ತೆ, ಆದ್ರೆ ಬರೀ ಒತ್ತಡದ ನಂಬರಿಂದ ಅಲ್ಲ, ಗಾಳಿ ಯಾವ ದಿಕ್ಕಿಂದ ಬರ್ತಿದೆ ಅನ್ನೋದ್ರಿಂದ.

ಮೊದಲು ಫೋನಿನ ವಿಷಯ ಹೇಳಿಬಿಡ್ತೀನಿ. 900 ಮೀಟರ್ ಎತ್ತರದಲ್ಲಿ ಸೆನ್ಸರ್ 910 ಹೆಕ್ಟೋಪಾಸ್ಕಲ್ (ಒತ್ತಡ ಅಳೆಯೋ ಮಾನ) ಆಸುಪಾಸು ತೋರಿಸತ್ತೆ, ಮ್ಯಾಪಲ್ಲಿ ಮಾತ್ರ 1013, 1014 ಅಂತ ಇರತ್ತೆ, ಗಾಬರಿ ಬೇಡ, ಮ್ಯಾಪಲ್ಲಿರೋದು ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದ ಒತ್ತಡ. ಇನ್ನೊಂದು, ನಮ್ಮ ಕಡೆ ಒತ್ತಡ ಪ್ರತಿದಿನ ತಾನಾಗೇ ಎರಡು ಸಲ ಏರಿ ಎರಡು ಸಲ ಇಳಿಯತ್ತೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಮೇಲೆ, ಸಂಜೆ ನಾಲ್ಕರ ಹೊತ್ತಿಗೆ ಕೆಳಗೆ, ಮತ್ತೆ ರಾತ್ರಿ ಹತ್ತಕ್ಕೆ ಮೇಲೆ, ಬೆಳಗಿನ ಜಾವ ನಾಲ್ಕಕ್ಕೆ ಕೆಳಗೆ. ಆಕಾಶ ತಿಳಿಯಾಗಿದ್ರೂ ಈ ಏರಿಳಿತ 3-4 ಹೆಕ್ಟೋಪಾಸ್ಕಲ್ ತನಕ ಇರತ್ತೆ, ಹಾಗಾಗಿ ಹತ್ತು ಗಂಟೆಗೂ ನಾಲ್ಕು ಗಂಟೆಗೂ ಹೋಲಿಸಿ ಪ್ರೆಷರ್ ಬಿತ್ತು ಅಂತ ಟಾರ್ಪಾಲ್ ಎಳೆದ್ರೆ ಸುಮ್ನೆ ಆಳುಗಳ ಸಮಯ ದಂಡ. ನಿನ್ನೆ ಎಂಟೂವರೆಗೆ ಎಷ್ಟಿತ್ತು, ಇವತ್ತು ಎಂಟೂವರೆಗೆ ಎಷ್ಟಿದೆ ಅಂತ ನೋಡಿ. ಹವಾಮಾನ ಇಲಾಖೆಯವರೂ 24 ಗಂಟೆಯ ಬದಲಾವಣೆ ಅಂತಲೇ ನೋಡೋದು. ಒಂದೇ ಹೊತ್ತಿನ ಲೆಕ್ಕದಲ್ಲಿ ಎರಡು ಮೂರು ಹೆಕ್ಟೋಪಾಸ್ಕಲ್ ಇಳಿದಿದ್ರೆ ಆಗ ಅದಕ್ಕೆ ಅರ್ಥ ಇದೆ.

ಈಗ ದೊಡ್ಡ ಚಿತ್ರ. ಜನವರಿ ಸರಾಸರಿ ತಗೊಂಡ್ರೆ ವಾಯವ್ಯ ಭಾರತದಲ್ಲಿ 1019, ದಕ್ಷಿಣದ ತುದಿಯಲ್ಲಿ 1013 ಅಂದಾಜು, ಅಂದ್ರೆ ಇಡೀ ದೇಶದ ಉದ್ದಕ್ಕೂ ಆರೇ ಆರು ಹೆಕ್ಟೋಪಾಸ್ಕಲ್ ವ್ಯತ್ಯಾಸ, ಅದಕ್ಕೇ ನಮ್ಮ ಚಳಿಗಾಲದ ಗಾಳಿ ಅಷ್ಟು ಮೆತ್ತಗೆ. ಸೈಬೀರಿಯಾದಲ್ಲಿ ಒತ್ತಡ 1040 ದಾಟೋದು ಮಾಮೂಲು, 1968ರ ಡಿಸೆಂಬರ್ 31ಕ್ಕೆ ಅಲ್ಲಿನ ಅಗಾಟಾ ಅನ್ನೋ ಜಾಗದಲ್ಲಿ 1083.8 ದಾಖಲಾಗಿತ್ತು, ಆದ್ರೆ ಆ ಕೊರೆಯೋ ಗಾಳಿ ನೇರ ನಮ್ಮ ಕಡೆ ಬರದ ಹಾಗೆ ಹಿಮಾಲಯ ಕಾಂಪೌಂಡ್ ಗೋಡೆ ತರ ನಿಂತಿದೆ. ನಮಗೆ ಬರೋದು ಮಧ್ಯ ಭಾರತದ ಮೇಲೆ ಕೂತಿರೋ ಅಧಿಕ ಒತ್ತಡದ ಸುತ್ತ ಗಡಿಯಾರದ ಮುಳ್ಳಿನ ದಿಕ್ಕಲ್ಲಿ ತಿರುಗಿ ಬರೋ ಒಣ ಮೂಡುಗಾಳಿ, ಈಶಾನ್ಯದ ಗಾಳಿ. ಮೆಡಿಟರೇನಿಯನ್ ಕಡೆಯಿಂದ ಬರೋ ಪಶ್ಚಿಮದ ಅಡಚಣೆ (ವೆಸ್ಟರ್ನ್ ಡಿಸ್ಟರ್ಬೆನ್ಸ್, ಅಂದ್ರೆ ಚಳಿಗಾಲದಲ್ಲಿ ಮಳೆ ಹಿಮ ತರೋ ಕಡಿಮೆ ಒತ್ತಡದ ವ್ಯವಸ್ಥೆ) ಕಾಶ್ಮೀರ, ಹಿಮಾಚಲಕ್ಕೆ ಹಿಮ ಸುರಿಸಿ ಮುಂದೆ ಹೋದ ಮೇಲೆ ಅದರ ಹಿಂದೆ ಈ ಅಧಿಕ ಒತ್ತಡ ಗಟ್ಟಿಯಾಗತ್ತೆ, ಆಮೇಲೆ ಬೀದರ್, ಕಲಬುರಗಿ, ವಿಜಯಪುರದಲ್ಲಿ ಚಳಿ ಜೋರಾದ ಸುದ್ದಿ ಬರತ್ತೆ. ನಮಗೆ ಅದು ಒಳ್ಳೆ ಸುದ್ದಿ, ರಾತ್ರಿ ಕೊರೆದ್ರೂ ಹಗಲು ಬಿಸಿಲು ಸ್ವಚ್ಛ, ಕಾಫಿ ಚೆನ್ನಾಗಿ ಒಣಗತ್ತೆ. ಇದೇ ಮೂಡುಗಾಳಿ ಘಟ್ಟ ಇಳಿಯೋವಾಗ ಬಿಸಿಯಾಗಿ, ಮಧ್ಯಾಹ್ನದ ಕಡಲಗಾಳಿನೂ ತಡ ಮಾಡಿ, ಕಾರವಾರ ಹೊನ್ನಾವರ ಮಂಗಳೂರಲ್ಲಿ ಚಳಿಗಾಲದ ಕೆಲವು ದಿನ ದೇಶದಲ್ಲೇ ಹೆಚ್ಚು ಸೆಕೆ ಮಾಡಿಬಿಡತ್ತೆ.

ಇನ್ನು ಮಳೆ ತರೋ ಕಥೆ. 1857ರಲ್ಲಿ ಡಚ್ ವಿಜ್ಞಾನಿ ಬಾಯ್ಸ್ ಬ್ಯಾಲಟ್ ಹೇಳಿದ ಒಂದು ನಿಯಮ ಇದೆ, ನಮ್ಮ ಉತ್ತರಾರ್ಧಗೋಳದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತ್ರೆ ಕಡಿಮೆ ಒತ್ತಡ ನಿಮ್ಮ ಎಡಗಡೆ ಇರತ್ತೆ ಅಂತ. ಈಶಾನ್ಯದ ಗಾಳಿಗೆ ಬೆನ್ನು ಕೊಡಿ, ಎಡಗೈ ಆಗ್ನೇಯಕ್ಕೆ ಬರತ್ತೆ, ಅಂದ್ರೆ ತಮಿಳುನಾಡು, ಬಂಗಾಳಕೊಲ್ಲಿ ಕಡೆ. 2022ರ ಡಿಸೆಂಬರ್ 9ರ ರಾತ್ರಿ ಮಾಂಡೌಸ್ ಚಂಡಮಾರುತ ಮಾಮಲ್ಲಪುರಂ ಹತ್ರ ದಡ ಸೇರಿದಾಗ ಬೆಂಗಳೂರಲ್ಲಿ ಹಗಲೆಲ್ಲಾ ಮೋಡ, ಜಿಟಿಜಿಟಿ ಮಳೆ, ಸ್ವೆಟರ್ ಹಾಕ್ಕೊಂಡೇ ಇರೋ ಚಳಿ, ನೆನಪಿರಬಹುದು. ಅದೇ ಈಶಾನ್ಯದ ದಿಕ್ಕು, ಆದ್ರೆ ಗಾಳಿ ಜೋರು, ತೇವ ಬೇರೆ. ಹಾಗಾಗಿ ಈಶಾನ್ಯದ ಗಾಳಿ ಇದೆ ಅಂದ ತಕ್ಷಣ ನಿರಾಳ ಆಗಬೇಡಿ, ಮೆತ್ತಗಿದ್ದು ಒಣಗಿದ್ರೆ ಮಧ್ಯ ಭಾರತದ್ದು, ದಿನದಿಂದ ದಿನಕ್ಕೆ ಜೋರಾಗ್ತಾ ಇದ್ರೆ ಕೊಲ್ಲಿಯಲ್ಲಿ ಏನೋ ಕಟ್ಕೊಳ್ತಿದೆ.

ನೋಡೋದು ಎಲ್ಲಿ ಅಂದ್ರೆ ವಿಂಡಿ ಆ್ಯಪ್ ಸಾಕು. ನೆಲದ ಮಟ್ಟದ ಗಾಳಿ ನೋಡಬೇಡಿ, ನಮ್ಮ ಗುಡ್ಡ ಕಣಿವೆ ಅದನ್ನ ಬೇಕಾದ ಹಾಗೆ ತಿರುಗಿಸತ್ತೆ. 850 ಹೆಕ್ಟೋಪಾಸ್ಕಲ್ ಮಟ್ಟ ಆರಿಸಿ, ಅದು ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದ್ದು. ಆಮೇಲೆ 700ಕ್ಕೆ ಹೋಗಿ ತೇವಾಂಶ ನೋಡಿ, ಅದು ಸುಮಾರು ಮೂರು ಕಿಲೋಮೀಟರ್ ಮೇಲೆ. ಅಲ್ಲಿ ತನಕ ತೇವ ಏರ್ತಿದ್ರೆ ಮೋಡ ಖಾತ್ರಿ ಅಂದ್ಕೊಳಿ. ಮ್ಯಾಪ್ ಜೂಮ್ ಮಾಡಿ ಸಕಲೇಶಪುರ ಒಂದೇ ನೋಡ್ಬೇಡಿ, ಶ್ರೀಲಂಕಾ, ಅಂಡಮಾನ್, ಲಕ್ಷದ್ವೀಪ ಮೂರೂ ಕಾಣೋ ಹಾಗೆ ಹಿಂದೆ ಸರಿಸಿ, ಹವಾಮಾನ ಲೆಕ್ಕ ಹಾಕಿ ಹೇಳೋ ಎರಡು ಕಂಪ್ಯೂಟರ್ ಮಾಡೆಲ್, ಯುರೋಪಿನದ್ದನ್ನೂ ಅಮೆರಿಕದ ಜಿಎಫ್‌ಎಸ್ಸನ್ನೂ ಬದಲಾಯಿಸಿ ನೋಡಿ, ಎರಡೂ ಒಂದೇ ಹೇಳಿದ್ರೆ ನಂಬಬಹುದು, ಬೇರೆ ಬೇರೆ ಹೇಳಿದ್ರೆ ಇನ್ನೊಂದು ದಿನ ಕಾಯಿರಿ. ಜೊತೆಗೆ ಹವಾಮಾನ ಇಲಾಖೆಯ ದಿನದ ಬುಲೆಟಿನ್ ಓದಿ, ಯಾವ ಸುಳಿಗಾಳಿ ಎಲ್ಲಿದೆ ಅಂತ ಅದರಲ್ಲಿ ಸ್ಪಷ್ಟ ಬರೆದಿರ್ತಾರೆ.

ನಮಗೆ ನಿಜವಾದ ಭಯ ಅಂದ್ರೆ 850ರಲ್ಲಿ ಈಶಾನ್ಯದಿಂದ ಬರ್ತಿದ್ದ ಗಾಳಿ ತಿರುಗಿ ಆಗ್ನೇಯದಿಂದ ಬರೋಕೆ ಶುರುವಾದಾಗ. ಮತ್ತೆ ಬೆನ್ನು ಕೊಟ್ಟು ನಿಲ್ಲಿ, ಎಡಗೈ ನೈಋತ್ಯಕ್ಕೆ ಬಂತು, ಅಂದ್ರೆ ಕಡಿಮೆ ಒತ್ತಡ ಈಗ ಕೇರಳ, ಲಕ್ಷದ್ವೀಪ ಕಡೆ ಅರಬ್ಬಿ ಸಮುದ್ರದಲ್ಲಿದೆ, ಗಾಳಿ ಸಮುದ್ರದ ತೇವ ಹೊತ್ಕೊಂಡು ಘಟ್ಟ ಹತ್ತತ್ತೆ. 2021ರ ಜನವರಿ ಮೊದಲ ವಾರದ ಮಳೆ ಯಾರು ಮರೀತಾರೆ ಹೇಳಿ, ಕೊಡಗು ಹಾಸನ ಚಿಕ್ಕಮಗಳೂರು ಮೂರೂ ಕಡೆ ಕಣದಲ್ಲಿದ್ದ ಕಾಫಿ ನೆನೆದು, ಗಿಡದಲ್ಲಿದ್ದ ಹಣ್ಣು ಉದುರಿ ನಷ್ಟ ಆಯ್ತು. ಹಾಗಾಗಿ ಮುಂದಿನ ಮೂರು ದಿನದಲ್ಲಿ ಗಾಳಿ ಆಗ್ನೇಯದಿಂದ ಬರೋದು, 700ರಲ್ಲಿ ತೇವ ಏರೋದು, ನಿಮ್ಮ ಫೋನಲ್ಲಿ ಬೆಳಿಗ್ಗೆ ಎಂಟೂವರೆಯ ಒತ್ತಡ ನಿನ್ನೆಗಿಂತ ಇಳಿದಿರೋದು, ಈ ಮೂರೂ ಒಟ್ಟಿಗೆ ಕಂಡ್ರೆ ಹೊಸದಾಗಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸೋದು) ಮಾಡೋದು ನಿಲ್ಲಿಸಿ, ಅರ್ಧ ಒಣಗಿದ ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿದ ಬೀಜ) ಮೊದಲು ಶೆಡ್ಡಿಗೆ ಸೇರಿಸಿ, ಚೆರ್ರಿ (ಸಿಪ್ಪೆ ಸಮೇತ ಒಣಗಿಸೋ ಹಣ್ಣು) ರಾಶಿ ಮಾಡಿ ಟಾರ್ಪಾಲ್ ಹೊದಿಸಿ, ಆದ್ರೆ ದಿನಗಟ್ಟಲೆ ಹಾಗೇ ಮುಚ್ಚಿಟ್ರೆ ಬೂಸಲು ಹಿಡಿಯತ್ತೆ, ಮಳೆ ಬಿಟ್ಟಾಗೆಲ್ಲ ತೆಗೆದು ಕೈಯಾಡಿಸಿ.