ಮೊಲಕ್ಕೆ ಸ್ನಾನ ಬೇಡ, ಮಂಡಕ್ಕಿಯೂ ಬೇಡ

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ವರ್ಷದ ಬಿಳಿ ಮೊಲ ಇದೆ. ಹದಿನೈದು ದಿನದಿಂದ ಅದರ ಹಿಂಭಾಗಕ್ಕೆ ಮೆತ್ತನೆಯ ಹಿಕ್ಕೆ ಅಂಟಿಕೊಂಡು ಗಬ್ಬು ವಾಸನೆ ಬರುತ್ತಿದೆ. ಶಾಂಪೂ ಹಾಕಿ ಎರಡು ಸಲ ಸ್ನಾನ ಮಾಡಿಸಿದೆ. ಮರುದಿನ ಮತ್ತೆ ಅದೇ ಕಥೆ. ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಮೊಲದ ಆಹಾರ), ಕ್ಯಾರೆಟ್ ಹಾಕುತ್ತೇವೆ. ಸಂಜೆ ನಾವು ಮಂಡಕ್ಕಿ ತಿನ್ನುವಾಗ ಮಗಳು ಅದಕ್ಕೂ ಒಂದು ಹಿಡಿ ಕೊಡುತ್ತಾಳೆ. ಯಾವ ಶಾಂಪೂ ಒಳ್ಳೆಯದು?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಯಾವ ಶಾಂಪೂವೂ ಬೇಡ. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ, ಕೊನೆಯ ಸಾಲಿಗಿಂತ ಒಂದು ಸಾಲು ಮೇಲೆ. ದಾವಣಗೆರೆಯಲ್ಲಿ ಮಂಡಕ್ಕಿ ತಿನ್ನಬೇಡಿ ಅಂದರೆ ಯಾರೂ ಕೇಳಲ್ಲ, ಗೊತ್ತು. ನೀವು ತಿನ್ನಿ, ಮಿರ್ಚಿ ಜೊತೆಗೇ ತಿನ್ನಿ. ಮೊಲಕ್ಕೆ ಮಾತ್ರ ಬೇಡ.

ಮೊಲ ಎರಡು ಥರದ ಹಿಕ್ಕೆ ಹಾಕುತ್ತದೆ. ಒಂದು ನಾವು ದಿನಾ ಗುಡಿಸುವ ಗುಂಡನೆಯ ಒಣ ಕಾಳು. ಇನ್ನೊಂದು ಮೆತ್ತಗೆ, ಹೊಳೆಯುತ್ತಾ, ಪುಟ್ಟ ದ್ರಾಕ್ಷಿ ಗೊಂಚಲಿನಂತೆ ಇರುತ್ತದೆ. ಇದು ಸಾಮಾನ್ಯವಾಗಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮೊಲ ಬಗ್ಗಿ ನೇರವಾಗಿ ಬಾಯಿಗೇ ತೆಗೆದುಕೊಳ್ಳುತ್ತದೆ. ಅಸಹ್ಯ ಅನ್ನಿಸಬಹುದು, ಆದರೆ ಅದು ಮೊಲದ ಎರಡನೇ ಊಟ. ದೊಡ್ಡ ಕರುಳು ಶುರುವಾಗುವ ಕಡೆ ಒಂದು ದೊಡ್ಡ ಚೀಲ ಇದೆ, ಸೀಕಮ್ ಅಂತಾರೆ. ಅಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲನ್ನು ಕೊಳೆಸಿ, ಪ್ರೋಟೀನ್ ಮತ್ತು ಬಿ ವಿಟಮಿನ್ ಮಾಡಿಕೊಡುತ್ತವೆ. ಅದೆಲ್ಲ ಆ ಗೊಂಚಲಿನಲ್ಲಿ ಇರುತ್ತದೆ.

ಮಂಡಕ್ಕಿ, ಬ್ರೆಡ್, ಬಿಸ್ಕೆಟ್, ಮೆಕ್ಕೆಜೋಳದ ಕಾಳು ಇವೆಲ್ಲ ಬರೀ ಪಿಷ್ಟ. ಮಂಡಕ್ಕಿಗೆ ಉಪ್ಪು ಬೇರೆ ಇರುತ್ತದೆ. ಪಿಷ್ಟ ಜಾಸ್ತಿಯಾದರೆ ಆ ಚೀಲದೊಳಗಿನ ಲೆಕ್ಕಾಚಾರ ತಪ್ಪುತ್ತದೆ. ಗೊಂಚಲು ಹದ ಕೆಟ್ಟು ಅಂಟಂಟಾಗುತ್ತದೆ, ಮೊಲ ತಿನ್ನದೆ ಬಿಡುತ್ತದೆ, ಕೂದಲಿಗೆ ಮೆತ್ತಿಕೊಳ್ಳುತ್ತದೆ. ಪೆಲೆಟ್ ತಿಂದು ದಪ್ಪಗಾದ ಮೊಲಕ್ಕೆ ಇನ್ನೊಂದು ಕಷ್ಟ: ಬಗ್ಗಿದರೂ ಬಾಯಿ ಅಲ್ಲಿಗೆ ತಲುಪುವುದೇ ಇಲ್ಲ.

ಹಾಗಾದರೆ ಏನು ಕೊಡಬೇಕು? ಹುಲ್ಲು. ಊಟದ ಹತ್ತರಲ್ಲಿ ಎಂಟು ಪಾಲು ಹುಲ್ಲೇ ಇರಲಿ, ಹಗಲೂ ರಾತ್ರಿ ಮುಂದೆ ಬಿದ್ದಿರಲಿ. ಹುಲ್ಲಿನ ನಾರು ಕರುಳನ್ನು ಓಡಿಸುತ್ತದೆ. ಮೊಲದ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ, ಅದು ಸವೆಯುವುದಕ್ಕೂ ಹುಲ್ಲೇ ಬೇಕು. ಅಂಗಡಿಯ ದುಬಾರಿ ಒಣಹುಲ್ಲೇ ಆಗಬೇಕಿಲ್ಲ. ಗಣಪತಿಗೆ ಏರಿಸುವ ಗರಿಕೆ ಬಲು ಒಳ್ಳೆಯದು. ಔಷಧಿ ಹೊಡೆಯದ, ನಾಯಿ ಓಡಾಡದ ಜಾಗದಿಂದ ಕಿತ್ತು, ತೊಳೆದು ಕೊಡಿ. ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ. ಭದ್ರಾ ನಾಲೆಯ ಸೀಮೆಯಲ್ಲಿ ಬೇಕಾದಷ್ಟು ಸಿಗುತ್ತದೆ, ಆದರೆ ಅದನ್ನು ಹಾಸಿಗೆಗೆ ಇಡಿ. ಬೂಸ್ಟು ಹಿಡಿದ ಹುಲ್ಲಾದರೆ ಹಾಸಿಗೆಗೂ ಬೇಡ.

ಎರಡು ಕೆಜಿ ಮೊಲಕ್ಕೆ ದಿನಕ್ಕೆ ಎರಡು ದೊಡ್ಡ ಚಮಚ ಪೆಲೆಟ್ ಸಾಕು. ಕೊತ್ತಂಬರಿ, ಪುದೀನ, ಮೂಲಂಗಿ ಎಲೆ ಸ್ವಲ್ಪ ಸ್ವಲ್ಪ. ಕ್ಯಾರೆಟ್ ಸಿಹಿತಿಂಡಿ ಇದ್ದ ಹಾಗೆ, ಯಾವಾಗಲೋ ಒಂದು ಬಿಲ್ಲೆ. ಮಂಡಕ್ಕಿ ಇವತ್ತೇ ನಿಲ್ಲಿಸಿ. ಪೆಲೆಟ್ಟನ್ನು ಮಾತ್ರ ಒಂದೆರಡು ವಾರದಲ್ಲಿ ನಿಧಾನಕ್ಕೆ ಇಳಿಸಿ. ಊಟ ದಿಢೀರ್ ಬದಲಾದರೂ ಹೊಟ್ಟೆ ಕೆಡುತ್ತದೆ. ಇಷ್ಟು ಮಾಡಿದರೂ ಅಂಟುವುದು ನಿಲ್ಲದಿದ್ದರೆ ವೈದ್ಯರಿಗೆ ಹಲ್ಲು ತೋರಿಸಿ, ಹಲ್ಲು ನೋಯುತ್ತಿದ್ದರೂ ಮೊಲ ಆ ಗೊಂಚಲನ್ನು ತಿನ್ನದೆ ಬಿಡಬಹುದು.

ಇನ್ನು ಸ್ನಾನ. ಮೊಲವನ್ನು ನೀರಿಗಿಳಿಸಬಾರದು. ಹೆದರಿ ಒದ್ದಾಡಿದರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಹುದು. ದಟ್ಟ ಕೂದಲು ಒಣಗಲು ಬಹಳ ಹೊತ್ತು ಬೇಕು, ಅಷ್ಟರಲ್ಲಿ ಮೈ ತಣ್ಣಗಾಗಿರುತ್ತದೆ. ಅಂಟಿದ ಜಾಗಕ್ಕೆ ಸ್ವಲ್ಪ ಕಾರ್ನ್‌ಫ್ಲೋರ್ ಉದುರಿಸಿ ಬೆರಳಲ್ಲಿ ಬಿಡಿಸಿ, ಬಾಚಿ. (ಹೊಟ್ಟೆಗೆ ಬೇಡ ಅಂದ ಮೆಕ್ಕೆಜೋಳ ಇಲ್ಲಿ ಕೆಲಸಕ್ಕೆ ಬಂತು ನೋಡಿ!) ಬಿಡದಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಅಷ್ಟೇ ಜಾಗ ಒರೆಸಿ, ಪೂರ್ತಿ ಒಣಗಿಸಿ. ಕತ್ತರಿ ಹಾಕಬೇಡಿ, ಚರ್ಮ ಕಾಗದದಷ್ಟು ತೆಳು. ಗೂಡಿಗೆ ಫಿನಾಯಿಲ್ ಬದಲು ವಿನೆಗರ್ ಬೆರೆಸಿದ ನೀರು ಬಳಸಿ, ಮೂತ್ರದ ಬಿಳಿ ಕಲೆ ಬಿಡುತ್ತದೆ.

ಹಿಂಭಾಗವನ್ನು ದಿನಕ್ಕೆರಡು ಸಲ ಎತ್ತಿ ನೋಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಕೊಳೆಯಾದ ಕೂದಲಲ್ಲಿ ನೊಣ ಮೊಟ್ಟೆ ಇಟ್ಟರೆ ಒಂದೇ ದಿನದಲ್ಲಿ ಹುಳ ಆಗುತ್ತದೆ, ಜೀವಂತ ಮಾಂಸವನ್ನೇ ತಿನ್ನುತ್ತದೆ. ಹುಳ ಕಂಡರೆ ಆ ಕ್ಷಣವೇ ಪಶುವೈದ್ಯರ ಬಳಿ ಹೋಗಿ.

ಪ್ರಶ್ನೆ: ನಮ್ಮದು ಶೀಟಿನ ಮನೆ. ಬಿಸಿಲು ಜೋರಾಗಿದೆ. ನಿನ್ನೆ ರಾತ್ರಿಯಿಂದ ಮೊಲ ಏನೂ ತಿಂದಿಲ್ಲ, ಹಿಕ್ಕೆಯೂ ಇಲ್ಲ. ಮಗನಿಗೆ ತಂದ ಅಮಾಕ್ಸಿಸಿಲಿನ್ ಸಿರಪ್ ಉಳಿದಿದೆ. ಕೊಡಬಹುದಾ?
– ಓದುಗರು, ಚಳ್ಳಕೆರೆ

ಉತ್ತರ: ಖಂಡಿತ ಬೇಡ. ಬಾಯಿಗೆ ಹಾಕಿದ ಅಮಾಕ್ಸಿಸಿಲಿನ್ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು ಮೊಲದ ಪ್ರಾಣವನ್ನೇ ತೆಗೆಯಬಹುದು. ನಾಯಿಗೆ ಹಾಕುವ ಫಿಪ್ರೊನಿಲ್ ಉಣ್ಣೆ ಔಷಧಿಯೂ ಮೊಲಕ್ಕೆ ವಿಷ, ಅದೂ ನೆನಪಿರಲಿ.

ಹನ್ನೆರಡು ಗಂಟೆ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ಕರುಳು ನಿಂತಿರಬಹುದು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಸೇರಿದ ಗಾಳಿಗೆ ದಾರಿ ಸಿಗದೆ ಹೊಟ್ಟೆ ಉಬ್ಬುತ್ತದೆ. ನಾಳೆ ನೋಡೋಣ ಅನ್ನಬೇಡಿ, ಈಗಲೇ ಆಸ್ಪತ್ರೆಗೆ ಹೊರಡಿ. ಹೊತ್ತಲ್ಲದ ಹೊತ್ತಾದರೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಕೇಳಿ. ದಾರಿಯಲ್ಲಿ ಒದ್ದೆ ಬಟ್ಟೆಯಿಂದ ಕಿವಿ ಒರೆಸುತ್ತಿರಿ. ಮೊಲ ನಮ್ಮ ಹಾಗೆ ಬೆವರಿ ತಂಪಾಗುವುದಿಲ್ಲ, ಕಿವಿಯ ಮೂಲಕವೇ ಮೈ ಕಾವು ಇಳಿಸಿಕೊಳ್ಳುತ್ತದೆ. ಬುಟ್ಟಿಯಲ್ಲಿ ಬಟ್ಟೆ ಸುತ್ತಿದ ತಣ್ಣೀರಿನ ಬಾಟಲಿ ಇಡಿ. ಕೊನೆಯ ಸಲ ಹಾಕಿದ ಹಿಕ್ಕೆ ಸಿಕ್ಕರೆ ಕಾಗದದಲ್ಲಿ ಕಟ್ಟಿಕೊಂಡು ಹೋಗಿ, ವೈದ್ಯರು ಮೊದಲು ಕೇಳುವುದೇ ಅದನ್ನು.