ಆ್ಯಪ್‌ನಲ್ಲಿ ಗಾಳಿ ಚೆನ್ನಾಗಿದೆ, ಆದರೂ ಮಗುವಿಗೆ ಬೆಳಿಗ್ಗೆ ಕೆಮ್ಮು ಯಾಕೆ?

ಪಕ್ಕದ ಖಾಲಿ ಸೈಟಿನಲ್ಲಿ ದಿನಾ ಬೆಳಿಗ್ಗೆ ಕಸ ಸುಡುತ್ತಾರೆ ಅಂದಿದ್ದೀರಿ. ಕಾರಣ ಬಹುಶಃ ಅದೇ. ಆ್ಯಪ್ ತೋರಿಸುವುದು ದೂರದ ಮಾಪನ ಕೇಂದ್ರದ ಲೆಕ್ಕ, ಸಾಮಾನ್ಯವಾಗಿ 24 ಗಂಟೆಗಳ ಸರಾಸರಿ. ನಿಮ್ಮ ಕಿಟಕಿಗೆ ಬರುವ ಹೊಗೆ ಅದರಲ್ಲಿ ಕಾಣುವುದಿಲ್ಲ.

ಮೊದಲು, ಸುಡುವ ಹೊತ್ತಿನಲ್ಲಿ ಆ ಕಡೆಯ ಕಿಟಕಿ ಮುಚ್ಚಿ, ಹೊಗೆ ಹೋದ ಮೇಲೆ ತೆಗೆಯಿರಿ. ಆಮೇಲೆ ಸಮಯ ಕಾಣುವ ಹಾಗೆ ಫೋಟೊ ತೆಗೆದು ವಾರ್ಡ್ ಕಚೇರಿಗೆ ದೂರು ಬರೆದು ಕೊಡಿ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶ ಕೊಟ್ಟಿದೆ. ದೂರಿನಲ್ಲಿ ಅದನ್ನೂ ಬರೆಯಿರಿ. ಬೆಂಕಿ ಹಚ್ಚುವವರು ಪೌರಕಾರ್ಮಿಕರಾಗಿದ್ದರೆ ದಯವಿಟ್ಟು ಅವರ ಮೇಲೆ ರೇಗಬೇಡಿ. ಆ ಹೊಗೆ ಎಲ್ಲರಿಗಿಂತ ಜಾಸ್ತಿ ಕುಡಿಯುವವರು ಅವರೇ ಅಲ್ವಾ? ಕಸದ ಗಾಡಿ ಕಳಿಸಬೇಕಾದವರನ್ನು ಕೇಳಿ.

ಆಸ್ತಮಾ ಕೂಡ ಇರಬಹುದು, ಇಲ್ಲಿಂದ ಹೇಳಲಾರೆ. ಉಸಿರಾಡುವಾಗ ಸುಂಯ್ ಅನ್ನುವ ಸದ್ದಿದ್ದರೆ ಇವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ.